ಕಮರಿಯ ಬಿಳಿ ಅಂಚು

ಬೆಳಿಗ್ಗೆ 9.40. ದುಬೈ ಹತ್ತಿರದ ಹಜರ್ ಬೆಟ್ಟದ ಇಕ್ಕಟ್ಟಾದ ಕಮರಿಯೊಂದರಲ್ಲಿ ಛಾಯಾಗ್ರಾಹಕ ಫ್ಲಾಯ್ಡ್‌ನ ಶವ ಸಿಕ್ಕಿತು. ತಲೆಯ ಹಿಂಭಾಗ ಒಡೆದಿತ್ತು. ಅವನ ದೊಡ್ಡ ಫಿಲ್ಮ್ ಕ್ಯಾಮೆರಾ ಚೀಲದಲ್ಲಿತ್ತು.

ಶವ ಕಂಡವನು ಜೊತೆಗಾರ ಜೇಸನ್. ಕ್ಯಾಮೆರಾ ಇಡುವ ಜಾಗಕ್ಕಾಗಿ ಬೆಳಿಗ್ಗೆ ಇಬ್ಬರೂ ಜಗಳವಾಡಿದ್ದರು. ಪೊಲೀಸರು ಅವನನ್ನೇ ಹಿಡಿದರು. ಅವರ ಜೊತೆ ಬಂದಿದ್ದ ಮೂರನೆಯವನು ಶರ್ವಿನ್. ದುಬೈ ಗ್ಯಾಲರಿಯೊಂದರಲ್ಲಿ ಅವನ ಕಮರಿ ಚಿತ್ರಗಳ ಪ್ರದರ್ಶನ ನಡೆದಿತ್ತು. ತಾನು ಕಾರಿನಿಂದ ಇಳಿಯಲೇ ಇಲ್ಲ ಎಂದ.

*

ಬರ್ ದುಬೈಯ ಫ್ಲ್ಯಾಟಿನಲ್ಲಿ ಜೇಸನ್ ಹೆಂಡತಿ ಕ್ರಿಸ್ಟಿನಾ, ವರದಿಗಾರ್ತಿ ಹಿತಾಳ ಕೈ ಬಿಡಲಿಲ್ಲ.

"ಹಿತಕ್ಕಾ, ನಾಳೆ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ. ಮತ್ತೆ ಎಲ್ಲ ಖಲಾಸ್."

"ಅವನು ಮಾಡಿಲ್ಲ ಅಂತ ಹೇಗೆ ಹೇಳ್ತೀಯ?"

"ಬೋನಿಗೆ ಬಿದ್ದ ಇಲಿಯನ್ನು ಪಾರ್ಕಿಗೆ ಬಿಟ್ಟು ಬರುವ ಜನ ಅದು!"

"ಅದು ಸಾಕ್ಷಿ ಅಲ್ಲ, ಮಾರಾಯ್ತಿ."

ಹಿತಾ ಕಾರಿನ ಕೀ ಎತ್ತಿಕೊಂಡಳು. ಫಿಲ್ಮ್ ಛಾಯಾಗ್ರಹಣ ಅವಳ ಹಳೆಯ ಹವ್ಯಾಸ.

*

ಠಾಣೆಯ ಮೇಜಿನ ಮೇಲೆ ಕ್ಯಾಮೆರಾ. ಹಿಂಬದಿಯಲ್ಲಿ ಫಿಲ್ಮ್ ಹಾಳೆಯ ಹೋಲ್ಡರ್ ಇನ್ನೂ ಸಿಕ್ಕಿಕೊಂಡಿತ್ತು. ಅದರ ಮುಚ್ಚಳದ ಅಂಚು ಬಿಳಿ.

"ಬಿಳಿ ಅಂದರೆ ಬಳಸದ ಫಿಲ್ಮ್," ಹಿತಾ ಹೇಳಿದಳು. "ಚಿತ್ರ ತೆಗೆದ ಮೇಲೆ ಮುಚ್ಚಳ ತಿರುಗಿಸಿ ಹಾಕ್ತೇವೆ. ಆಗ ಕಪ್ಪು ಅಂಚು ಹೊರಗೆ."

"ಹಾಗಾದರೆ ಇದು ಖಾಲಿ," ಎಂದ ಪೊಲೀಸ್ ಕ್ಯಾಪ್ಟನ್.

"ಖಾಲಿಯೋ ಅಲ್ಲವೋ, ಡೆವಲಪ್ ಮಾಡಿಸಿ ನೋಡಿ. ಹೋಲ್ಡರ್ ತೆಗೆಯದೆ ಕ್ಯಾಮೆರಾ ಮಡಚಿದ್ದಾರೆ. ಫ್ಲಾಯ್ಡ್ ಹಾಗೆ ಮಾಡುವವನಲ್ಲ. ಜೇಸನ್ನೂ ಅಲ್ಲ. ಇಬ್ಬರೂ ಫಿಲ್ಮಿನಲ್ಲಿ ಪಳಗಿದವರು."

*

ಮರುದಿನ ಶರ್ವಿನ್‌ನ ಮುಂದೆ ಹಿತಾ ಬೇರೊಂದು ಹೋಲ್ಡರ್ ಇಟ್ಟಳು.

"ನೀವು ಫಿಲ್ಮ್ ಕಲಾವಿದರಲ್ವಾ? ಚಿತ್ರ ತೆಗೆದಾಯ್ತು ಅಂದುಕೊಳ್ಳಿ. ಮುಚ್ಚಿ."

"ಎಂತ, ಪರೀಕ್ಷೆಯಾ ಇದು?" ಶರ್ವಿನ್ ನಕ್ಕು ಮುಚ್ಚಳ ತಳ್ಳಿದ. ಬಿಳಿ ಅಂಚು ಹೊರಗಿತ್ತು.

ಕ್ಯಾಪ್ಟನ್ ಫ್ಲಾಯ್ಡ್ ಕ್ಯಾಮೆರಾದ ಫಿಲ್ಮಿನಿಂದ ಮುದ್ರಿಸಿದ ಚಿತ್ರವನ್ನು ಮುಂದಿಟ್ಟ.

"ಕಮರಿಯೊಳಗೆ ಬೆಳಕು ಕಡಿಮೆ," ಹಿತಾ ಹೇಳಿದಳು. "ಶಟರ್ ಹಲವು ನಿಮಿಷ ತೆರೆದೇ ಇರಬೇಕು. ಓಡಾಡುವವರು ಫಿಲ್ಮಿನಲ್ಲಿ ಮೂಡುವುದಿಲ್ಲ. ನೀವೂ ಮೂಡಿಲ್ಲ. ಕಾರಿನಿಂದ ಇಳಿಯಲೇ ಇಲ್ಲ ಅಂದಿರಿ, ಆದರೆ ಬಂಡೆಯ ಮೇಲೆ ಕಳಚಿಟ್ಟ ನಿಮ್ಮ ಚಾರಣದ ಹೆಲ್ಮೆಟ್ ಮೂಡಿದೆ. ನಿಮ್ಮ ಪ್ರದರ್ಶನದ ಗ್ಯಾಲರಿಯ ಸ್ಟಿಕರ್ ಸಮೇತ."

ಶರ್ವಿನ್ ಚಿತ್ರವನ್ನು ಆಚೆ ತಳ್ಳಿದ.

"ಕೆಲಸ ಮುಗಿಸಿ ಹೊರಡುವಾಗ ಜಾರಿ ಬಿದ್ದ ಅನ್ನಿಸಲು ಕ್ಯಾಮೆರಾ ಚೀಲಕ್ಕೆ ತುಂಬಿಟ್ಟಿರಿ. ಆದರೆ ಹೋಲ್ಡರ್ ಮುಚ್ಚುವ ರೀತಿಯೇ ನಿಮಗೆ ಗೊತ್ತಿಲ್ಲ. ಪ್ರದರ್ಶನದ ಚಿತ್ರಗಳು ಯಾರವು?"

"ಫ್ಲಾಯ್ಡ್‌ನವು. ಎಲ್ಲರಿಗೂ ಹೇಳ್ತೇನೆ ಅಂದ. ತಳ್ಳಿದೆ, ಅಷ್ಟೇ. ಸಾಯ್ತಾನೆ ಅಂದ್ಕೊಂಡಿರಲಿಲ್ಲ."

ಅಂದು ಸಂಜೆ ಜೇಸನ್‌ನನ್ನು ಬಿಟ್ಟರು. ಶುಕ್ರವಾರ ಫ್ಲಾಯ್ಡ್‌ನ ಶವಪೆಟ್ಟಿಗೆ ಮಂಗಳೂರಿಗೆ ಹೊರಟಿತು. ಜೊತೆಯಲ್ಲಿ ಜೇಸನ್ ಹೋದ.