ರಾತ್ರಿಯ ಬಿಸಿಲು ಮಾರಿದ ಅರಸ

ಒಂದು ಬೇಸಿಗೆಗೆ ಒಂದು ನೆರಳು. ಕಂಬಳಿ ವ್ಯಾಪಾರಿ ಕೆಂಚವ್ವ ಮಾಂತ್ರಿಕ ಮಾಗಿಮಲ್ಲನ ಜೊತೆ ಕುದುರಿಸಿದ ವ್ಯಾಪಾರ ಇಷ್ಟೇ. ಗೆದ್ದರೆ ನಾಡಿಗೆ ಬೇಸಿಗೆ ವಾಪಸ್ಸು. ಸೋತರೆ ಅವಳ ನೆರಳು ಅವನ ಪಾಲು. ನೆರಳು ಕೊಟ್ಟವರು ಮತ್ತೆ ತಮ್ಮ ಊರಿನ ಮುಖ ನೋಡುವಂತಿಲ್ಲ, ಜೀವ ಇರುವವರೆಗೂ ಅವನ ಗುಹೆಯಲ್ಲಿ ಮಂಜುಗಡ್ಡೆ ಹೊರಬೇಕು.

ಬಹಳ ಬಹಳ ಹಿಂದಿನ ಮಾತು. ಭೂಮಿಯ ಬಡಗಣ ಅರ್ಧದಲ್ಲಿ, ಇನ್ನು ಇದರಾಚೆ ಬಡಗು ದಿಕ್ಕೇ ಇಲ್ಲವೇನೋ ಅನ್ನುವಷ್ಟು ದೂರದಲ್ಲಿ, ಧ್ರುವನಗರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಧ್ರುವ ನಕ್ಷತ್ರ ನೋಡಬೇಕಾದರೆ ಕತ್ತನ್ನು ಪೂರ್ತಿ ಹಿಂದಕ್ಕೆ ಬಾಗಿಸಬೇಕು. ಮಾಗಿಯಲ್ಲಿ ಸೂರ್ಯ ಹುಟ್ಟುವುದಿಲ್ಲ, ಬೇಸಿಗೆಯಲ್ಲಿ ಮುಳುಗುವುದಿಲ್ಲ. ಬೇಸಿಗೆಯ ನಡುರಾತ್ರಿ ಅಂಗಳದಲ್ಲಿ ಹಪ್ಪಳ ಹರವಿದರೂ ಒಣಗಬೇಕು, ಅಂಥ ಬಿಸಿಲು.

ಬಿಟ್ಟಿ ಬಂದದ್ದಕ್ಕೆ ಬೆಲೆ ಕಟ್ಟುವ ಅಭ್ಯಾಸ ಆ ನಾಡಿನವರಿಗೆ ಇರಲಿಲ್ಲ. ಬೇಸಿಗೆ ಬಂತೆಂದರೆ ಕಿಟಕಿಗಳಿಗೆ ತೊಗಲು ಬಡಿದು, 'ಸಾಕಪ್ಪಾ ಈ ಬೆಳಕು, ಕಣ್ಣು ಮುಚ್ಚೋಕೆ ಬಿಡಲ್ಲ' ಎಂದು ಗೊಣಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಗೊಣಗುತ್ತಿದ್ದವನು ಅರಸ ಉದಯಕೇತು.

ಒಂದು ವಸಂತದಲ್ಲಿ ಮಾಗಿಮಲ್ಲ ಅರಮನೆಗೆ ಬಂದ. ಮೈಯೆಲ್ಲ ಹಿಮದ ಬಿಳುಪು, ಗಡ್ಡದಲ್ಲಿ ಮಂಜಿನ ಕಡ್ಡಿಗಳು, ಕಂಕುಳಲ್ಲಿ ಒಂದು ತಲೆದಿಂಬು.

"ಪ್ರಭು, ರಾತ್ರಿ ಹೊತ್ತಿನ ಬಿಸಿಲು ನಿಮಗೆ ದಂಡ," ಅಂದ. "ಅದನ್ನು ನನಗೆ ಕೊಡಿ. ಊರು ಮಲಗಿದಾಗ ಸೂರ್ಯ ನನ್ನವನು, ಊರು ಎದ್ದಾಗ ನಿಮ್ಮವನು. ಬದಲಿಗೆ ಈ ದಿಂಬು. ತಲೆ ಇಟ್ಟರೆ ಸಾಕು, ನಿದ್ದೆ."

ಅರಸ ಯೋಚನೆಯನ್ನೇ ಮಾಡಲಿಲ್ಲ. ದಿಂಬು ಕೈಗೆ ಬಂತು, ಅರಸ ಮಲಗಿದ. ಮಾಗಿಮಲ್ಲ ಸೂರ್ಯನನ್ನು ತೊಗಲಿನ ಚೀಲಕ್ಕೆ ಹಾಕಿಕೊಂಡು ಗುಹೆಗೆ ಹೋದ.

ಬೆಳಗಾಗಬೇಕಾದ ಹೊತ್ತಿಗೆ ಬೆಳಗಾಗಲಿಲ್ಲ. ಕೇಳಲು ಹೋದವರಿಗೆ ಅವನು ನಗುತ್ತಾ ಹೇಳಿದ: "ಕೋಟೆಯೊಳಗೆ ಉಸಿರಾಡುವ ಒಂದೇ ಒಂದು ಜೀವ ಮಲಗಿದ್ದರೂ ಊರು ಮಲಗಿದೆ ಅಂತಲೇ ಅರ್ಥ. ಎಲ್ಲ ಎದ್ದಾಗ ಹೇಳಿಕಳಿಸಿ."

ಎಲ್ಲ ಒಟ್ಟಿಗೆ ಎದ್ದಿರುವ ಹೊತ್ತು ಯಾವ ಊರಲ್ಲಿದೆ? ಈ ಮನೆಯ ಕೂಸು ಎದ್ದರೆ ಆ ಮನೆಯ ಮುದುಕ ತೂಕಡಿಸುತ್ತಾನೆ. ಮುದುಕ ಎದ್ದರೆ ಮೆಟ್ಟಿಲ ಕೆಳಗೆ ನಾಯಿ ಮಲಗುತ್ತದೆ. ಅರಸನಂತೂ ದಿಂಬಿನಿಂದ ತಲೆ ಎತ್ತಿರಲಿಲ್ಲ.

ಬೇಸಿಗೆ ಬರಲೇ ಇಲ್ಲ. ಜವೆಗೋಧಿ ಬಿತ್ತಲಾಗಲಿಲ್ಲ. ಊರ ತೆಂಕಣ ಕಣಿವೆಯಲ್ಲಿ ಮಂಜು ಕರಗಲಿಲ್ಲ, ದಾರಿ ತೆರೆಯಲಿಲ್ಲ.

ಆ ದಾರಿ ತೆರೆಯುವುದನ್ನೇ ಕಾಯುತ್ತಿದ್ದವಳು ಕೆಂಚವ್ವ. ಹಿಂದಿನ ವರ್ಷ ಹೇಸರಗತ್ತೆಗಳ ಮೇಲೆ ಕಂಬಳಿ ಹೇರಿಕೊಂಡು ತೆಂಕಣ ಸೀಮೆಯಿಂದ ಬಂದಿದ್ದಳು. ಕತ್ತಲು ಕವಿದ ಮೊದಲಲ್ಲಿ ಒಳ್ಳೆಯ ವ್ಯಾಪಾರವೇ ಆಯಿತು. ಆಮೇಲೆ ಜನ ಕಂಬಳಿಗೆ ಜವೆ ಕೊಡುವುದನ್ನು ನಿಲ್ಲಿಸಿದರು. ಊರ ಕಣಜದ ತಳ ಕಾಣತೊಡಗಿತ್ತು.

"ಹೇಸರಗತ್ತೆಗೆ ಮೇವಿಲ್ಲ, ನಮಗೆ ಕೂಳಿಲ್ಲ. ಏನವ್ವಾ ಮಾಡೋದು?" ಅಂದ ಅವಳ ಹೇರು ಹೊಡೆಯುವ ಭರಮಜ್ಜ.

"ಬೇಸಿಗೆ ತರೋದು."

"ಎಲ್ಲಿಂದ, ಅಂಗಡಿಯಿಂದ?"

"ಮಾರಿದ್ದಾರೆ ಅಂದಮೇಲೆ ಕೊಂಡವನು ಇರ್ತಾನಲ್ಲ. ಕೊಂಡವನ ಹತ್ತಿರ ಹೋಗೋದು," ಎಂದು ಕೆಂಚವ್ವ ಸೆರಗು ಬಿಗಿದು ಎದ್ದಳು.

ಮೊದಲು ಅರಮನೆಗೆ ಹೋದಳು. ಅರಸನ ತಲೆಯ ಕೆಳಗಿನಿಂದ ದಿಂಬು ಎಳೆದು ಒಲೆಗೆ ಹಾಕಿದಳು. ಅರಸ ಕಣ್ಣು ಬಿಟ್ಟ.

"ಯಾರು ನೀನು? ನನ್ನ ದಿಂಬೆಲ್ಲಿ?"

"ಒಲೇಲಿದೆ. ಪ್ರಭುಗಳು ಮಲಗಿದ್ದು ಸಾಕು. ನಿಮ್ಮ ಬೇಸಿಗೆ ತಂದುಕೊಟ್ಟರೆ ನನಗೇನು ಕೊಡ್ತೀರಿ?"

ಅರಸ ಕಿಟಕಿಯಾಚೆಯ ಕತ್ತಲನ್ನು ನೋಡಿದ. ಏನಾಗಿದೆ ಎಂದು ಆಗ ಅರಿವಾಯಿತು. "ಅರ್ಧ ರಾಜ್ಯ ಕೊಡ್ತೀನಿ!"

"ಅರ್ಧ ರಾಜ್ಯ ಇಟ್ಟುಕೊಂಡು ನಾನೇನು ಮಾಡಲಿ? ಅದಕ್ಕೆ ಕಾವಲು, ಅದಕ್ಕೆ ಜಗಳ. ತೆಂಕಣ ಕಣಿವೆಯಲ್ಲಿ ನನ್ನ ಹೇರಿಗೆ, ನನ್ನ ಮಕ್ಕಳು ಮೊಮ್ಮಕ್ಕಳ ಹೇರಿಗೆ ಸುಂಕ ಬೇಡ. ಅಷ್ಟು ಸಾಕು."

"ಆಯ್ತು ತಾಯಿ."

ಕೋಟೆಯ ಹೊರಗೆ ಮಂಜಿನ ಗುಡ್ಡದಲ್ಲಿ ಮಾಗಿಮಲ್ಲನ ಗುಹೆ. ಬಂಡೆಯ ಬಿರುಕುಗಳಿಂದ ಬೆಳಕು ಸೋರುತ್ತಿತ್ತು. ಒಳಗೆ ಸೂರ್ಯನ ಚೀಲಕ್ಕೆ ಬೆನ್ನು ಕೊಟ್ಟು ಮಾಂತ್ರಿಕ ಬೆಚ್ಚಗೆ ಕೂತಿದ್ದ. ನೆರಳಿಲ್ಲದ ಜನ ಹಿಂದೆ ಮುಂದೆ ಮಂಜುಗಡ್ಡೆ ಹೊರುತ್ತಿದ್ದರು.

ಅವನ ಕಣ್ಣು ನೆಟ್ಟಿದ್ದು ಕೆಂಚವ್ವನ ನೆರಳಿನ ಮೇಲೆ. ಬಡಗಣ ನಾಡಿನಲ್ಲಿ ಸೂರ್ಯ ತಲೆಯ ಮೇಲೆ ಬರುವುದೇ ಇಲ್ಲ. ಅಲ್ಲಿಯವರ ನೆರಳು ಉದ್ದ, ತೆಳು, ನೀರು ಬೆರೆಸಿದ ಮಜ್ಜಿಗೆಯ ಹಾಗೆ. ಕೆಂಚವ್ವನದು ತೆಂಕಣ ಸೀಮೆಯ ನೆತ್ತಿ ಸುಡುವ ಬಿಸಿಲಲ್ಲಿ ಬೆಳೆದ ನೆರಳು. ಗಿಡ್ಡ, ಗಟ್ಟಿ, ಕಪ್ಪು.

"ಬೆಚ್ಚಗಿದೆ ಕಣೇ," ಅಂದ ಜೊಲ್ಲು ನುಂಗುತ್ತಾ. "ಕೊಡ್ತೀಯಾ?"

"ಕೊಡೋಕೇ ಬಂದಿದೀನಿ, ಬೆಲೆ ಸರಿ ಹೋದರೆ. ಒಂದು ಗಳಿಗೆ ಬಿಟ್ಟು ಮತ್ತೆ ಕಿತ್ಕೊಳ್ಳೋ ಸೂರ್ಯ ನನಗೆ ಬೇಡ. ನಾನು ಊರನ್ನೆಲ್ಲ ಎಚ್ಚರ ಇಟ್ಟರೆ ನೀನು ಪೂರ್ತಿ ಬಿಡಬೇಕು. ಆಗದಿದ್ದರೆ ನೆರಳು ನಿನ್ನದು. ಬಾ, ಬೆರಳು ಕೊಡು."

ದನದ ಸಂತೆಯಲ್ಲಿ ದಲ್ಲಾಳಿಗಳು ಮಾಡುವ ಹಾಗೆ ಇಬ್ಬರೂ ಒಂದು ಕಂಬಳಿಯ ಕೆಳಗೆ ಕೈ ಇಟ್ಟರು. ಬಾಯಲ್ಲಿ ಮಾತಿಲ್ಲ, ಎಲ್ಲ ಬೆರಳಲ್ಲೇ. ಹಾಗೆ ಬೆರಳು ಹಿಡಿದು ಮುಗಿಸಿದ ವ್ಯಾಪಾರ ಮಾಂತ್ರಿಕನನ್ನೂ ಕಟ್ಟಿಹಾಕುತ್ತದೆ. ಸಪ್ತರ್ಷಿಗಳು ಧ್ರುವನ ಸುತ್ತ ಪೂರ್ತಿ ಒಂದು ಸುತ್ತು ಬರುವವರೆಗೆ ಎಂದು ಅವನು ಕೇಳಿದ. ಒಂದು ಚಿಟಿಕೆಯ ಹೊತ್ತು ಎಂದು ಇವಳು ಒತ್ತಿದಳು. ಅವನು ಅರ್ಧ ಸುತ್ತಿಗೆ ಇಳಿದ. ಇವಳು ಕೈ ಎಳೆದುಕೊಂಡು ಎದ್ದುಹೋಗುವ ಹಾಗೆ ಮಾಡಿದಳು. ಅವನು ಕೈ ಬಿಡಲಿಲ್ಲ. ಕೊನೆಗೆ ಏಳು ನಕ್ಷತ್ರಗಳಲ್ಲಿ ಬಾಲದ್ದು ಸುತ್ತಿ, ಶುರುವಿನಲ್ಲಿ ತಲೆಯ ನಕ್ಷತ್ರ ನಿಂತ ಕಡೆಗೆ ಬರುವಷ್ಟು ಹೊತ್ತು ಎಂದು ಕುದುರಿತು. ಆ ಹೊತ್ತು ತುಂಬುವ ಗಳಿಗೆಯಲ್ಲಿ ಕೋಟೆಯೊಳಗೆ ಉಸಿರಾಡುವುದು ಯಾವುದೂ ಮಲಗಿರಬಾರದು; ಅಲ್ಲಿಯವರೆಗೆ ಮಲಗಿಸಲು ಅವನು ಏನು ಬೇಕಾದರೂ ಮಾಡಬಹುದು. ಕೈ ತೆಗೆದಾಗ ಕೆಂಚವ್ವನ ಬೆರಳುಗಳು ಮರಗಟ್ಟಿದ್ದವು.

ಊರಿಗೆ ಬಂದು ಡಂಗುರ ಹೊಡೆಸಿದಳು. ಜನ ಕೂಸುಗಳನ್ನು ಎತ್ತಿಕೊಂಡು, ನಾಯಿ ಕೋಳಿಗಳನ್ನು ಹಿಡಿದುಕೊಂಡು ಬಯಲಿಗೆ ಬಂದರು. ಅರಸ ಗೋಪುರ ಹತ್ತಿ ನಕ್ಷತ್ರ ನೋಡುತ್ತಾ ನಿಂತ. ಹೊತ್ತು ಶುರುವಾಯಿತು.

ಮೊದಲು ಮಾಗಿಮಲ್ಲ ಬಿಳಿಯ ಗೂಬೆಯನ್ನು ಕಳಿಸಿದ. ಅದರ ರೆಕ್ಕೆ ಕೋಟೆಯ ಉದ್ದಕ್ಕೂ ಹರಡಿತ್ತು. ಅದು ಸದ್ದಿಲ್ಲದೆ ಸುತ್ತಿತು, ಮೆತ್ತನೆಯ ಪುಕ್ಕ ಉದುರಿಸಿತು. ಪುಕ್ಕ ಸೋಕಿದ ರೆಪ್ಪೆ ಭಾರವಾಯಿತು.

"ಎಲ್ಲರೂ ಅಂಗಿ ಬಿಚ್ಚಿ, ಬರಿಮೈಗೆ ಕಂಬಳಿ ಸುತ್ತಿಕೊಳ್ಳಿ!" ಎಂದು ಕೂಗಿದಳು ಕೆಂಚವ್ವ. "ಹೊಸ ಕಂಬಳಿ, ಇನ್ನೂ ಒಗೆದಿಲ್ಲ!"

ಒಗೆಯದ ಹೊಸ ಕಂಬಳಿ ಬರಿಮೈಗೆ ತಾಗಿದರೆ ಹೇಗಿರುತ್ತದೆಂದು ಸುತ್ತಿಕೊಂಡವರಿಗೇ ಗೊತ್ತು. ಊರಿಗೆ ಊರೇ ಮೈ ಪರಚಿಕೊಳ್ಳತೊಡಗಿತು. ಕೂಸುಗಳು ಕಿರುಚಿದವು.

"ಇದನ್ನಾ ನೀನು ನಯವಾದ ಉಣ್ಣೆ ಅಂತ ಮಾರಿದ್ದು?" ಎಂದು ಒಬ್ಬಳು ಬೈದಳು.

"ಬಯ್ಯಮ್ಮಾ, ಚೆನ್ನಾಗಿ ಬಯ್ಯಿ. ಬೈಯೋರಿಗೆ ನಿದ್ದೆ ಬರಲ್ಲ!"

ಗೂಬೆ ಪುಕ್ಕ ತೀರಿ ಬೋಳಾಗಿ, ಚಳಿಗೆ ನಡುಗುತ್ತಾ ಹಾರಿಹೋಯಿತು.

ಎರಡನೆಯದಾಗಿ ಜೇಡ ಬಂತು. ಬಾನಿನ ಬಡಗಣ ಅಂಚಿನಲ್ಲಿ ಕೂತು ಬೆಳಕಿನ ನೂಲು ನೇಯ್ದಿತು. ಹಸಿರು ಸೆರಗು, ನೇರಳೆ ಅಂಚು. ಬಾನಿನ ತುಂಬ ಒಂದು ದೊಡ್ಡ ಸೀರೆ ಮೆಲ್ಲಗೆ ಅಲೆಯಾಡಿತು. ಪರಚಿಕೊಳ್ಳುತ್ತಿದ್ದ ಕೈಗಳು ನಿಂತವು. ಜನ ಕತ್ತು ಹಿಂದಕ್ಕೆ ಬಾಗಿಸಿ ನೋಡಿದರು, ಬಾಯಿ ತೆರೆದರು, ರೆಪ್ಪೆ ಇಳಿಬಿಟ್ಟರು. ಭರಮಜ್ಜನಂತೂ ಹೇಸರಗತ್ತೆಗೆ ಒರಗಿಯೇ ಬಿಟ್ಟ.

ಕೆಂಚವ್ವನಿಗೂ ನಿದ್ದೆ ಎಳೆಯಿತು. ನಾಲಿಗೆ ಕಚ್ಚಿಕೊಂಡು ಮೂಟೆಯ ಮೇಲೆ ಹತ್ತಿದಳು.

"ಸಂತೆ! ಸಂತೆ! ಉಳಿದ ಕಂಬಳಿಗಳೆಲ್ಲ ಈಗಲೇ ಖಾಲಿ! ಏನು ತಂದರೂ ಬದಲಿಗೆ ಕಂಬಳಿ!"

"ಏನು ತಂದರೂನಾ?" ಒಬ್ಬನ ಕಣ್ಣು ಅಗಲವಾಯಿತು.

"ಏನು ತಂದರೂ. ಆದರೆ ಚೌಕಾಸಿ ಮಾಡದವರಿಗೆ ಇಲ್ಲ!"

ಆಮೇಲೆ ಕೇಳಬೇಕೇ? ಒಬ್ಬ ಒಡಕು ಮಡಕೆ ತಂದ. ಇನ್ನೊಬ್ಬಳು ಜಿಂಕೆಯ ಮುರಿದ ಕೊಂಬು ತಂದಳು. "ಒಡಕು ಮಡಕೆಗೆ ಒಂದೇ ಕಂಬಳಿ, ಯಾಕೆ ಎರಡು?" "ಮುಚ್ಚಳ ಇದೆಯಲ್ಲ!" "ಮುಚ್ಚಳ ಬೇರೆ ಮಡಕೇದು!" ಒಬ್ಬರ ಮೇಲೊಬ್ಬರು ಬಿದ್ದು ಕೂಗಾಡಿದರು. ಬಾನಲ್ಲಿ ಯಾವ ಸೀರೆ ಹಾಸಿದೆ ಎಂದು ನೋಡಲು ಯಾರಿಗೂ ಪುರುಸೊತ್ತು ಇರಲಿಲ್ಲ. ನೋಡುವವರಿಲ್ಲದೆ ಜೇಡನ ನೂಲು ತುಂಡಾಯಿತು, ಜೇಡ ಉದುರಿಹೋಯಿತು. ಕೆಂಚವ್ವನ ಮೂಟೆಗಳೂ ಬರಿದಾದವು.

ಬಾಲದ ನಕ್ಷತ್ರ ಗೊತ್ತು ಮಾಡಿದ ಜಾಗದ ಹತ್ತಿರ ಬಂತು. ಮಾಗಿಮಲ್ಲ ಸೂರ್ಯನ ಚೀಲ ಹೊತ್ತು ಕೋಟೆಯ ಹೊರಗೆ ಬಂದು ನಿಂತಿದ್ದ. ಮೂರನೆಯ ಮೃಗ ಯಾವುದೂ ಕಾಣಲಿಲ್ಲ. ಆದರೂ ಅವನು ನಗುತ್ತಿದ್ದ.

"ನೆರಳು ಮಡಚಿಡು ಕೆಂಚವ್ವ. ಒಳಗೆ ಒಂದು ಜೀವ ಮಲಗಿದೆ."

ಕೆಂಚವ್ವ ಬಯಲನ್ನೆಲ್ಲ ಒಂದು ಸುತ್ತು ಬಂದಳು. ಮನುಷ್ಯರನ್ನು ಕೂಗಿ ನೋಡಿದಳು, ಎಲ್ಲರೂ ಓಗೊಟ್ಟರು. ನಾಯಿ, ಕೋಳಿ, ಹೇಸರಗತ್ತೆ, ಎಲ್ಲಕ್ಕೂ ಕಣ್ಣು ತೆರೆದಿತ್ತು. ಹಾಗಾದರೆ ಬಯಲಿಗೆ ಬರದೇ ಇರುವುದು ಇನ್ನೇನೋ ಇದೆ. ಇಂಥ ಬರಗಾಲದಲ್ಲಿ ಮಲಗುವಷ್ಟು ಹೊಟ್ಟೆ ತುಂಬುವ ಜಾಗ ಯಾವುದು?

ಕಣಜಕ್ಕೆ ಓಡಿದಳು. ಪಂಜು ಹಿಡಿದು ನೋಡಿದಳು. ಉಳಿದಿದ್ದ ನಾಲ್ಕಾರು ಚೀಲಗಳ ಮೇಲೂ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಒಂದರ ಮೇಲೆ ಮಾತ್ರ ಇಲ್ಲ. ಧಾನ್ಯಕ್ಕೆ ಮೈಶಾಖ ಎಲ್ಲಿಂದ ಬರಬೇಕು? ಬಾಯಿ ಬಿಚ್ಚಿದಳು. ಒಳಗೆ ಕೊಬ್ಬಿದ ಹಿಮಹೆಗ್ಗಣ ಒಂದು ಮುದುಡಿ ಮಲಗಿತ್ತು, ಮಾಗಿ ಮುಗಿಯುವವರೆಗೂ ಏಳದ ಜಾತಿ.

ಚಿವುಟಿದಳು, ಏಳಲಿಲ್ಲ. ಕಿವಿ ಹಿಂಡಿದಳು, ಏಳಲಿಲ್ಲ. ಗೋಪುರದಿಂದ ಅರಸ ಕೂಗಿದ: "ಬರ್ತಾ ಇದೆ, ನಕ್ಷತ್ರ ಇನ್ನೇನು ಬಂದೇ ಬಿಡುತ್ತೆ!"

ಏಳಿಸುವುದು ತನ್ನಿಂದ ಆಗದ ಕೆಲಸ ಎಂದು ಕೆಂಚವ್ವನಿಗೆ ಗೊತ್ತಾಯಿತು. ಆಗದ ಕೆಲಸಕ್ಕೆ ಅವಳು ಮತ್ತೆ ಕೈ ಹಾಕಲಿಲ್ಲ. ಒಪ್ಪಂದ ಇದ್ದದ್ದು ಕೋಟೆಯ ಒಳಗಿನ ಜೀವಕ್ಕೆ. ಚೀಲವನ್ನು ಹೆಗಲಿಗೆ ಎಸೆದುಕೊಂಡು, ಉಸಿರು ಕಟ್ಟಿ ಕೋಟೆಯ ಮೆಟ್ಟಿಲು ಹತ್ತಿದಳು. "ಮಾಗಿಮಲ್ಲ, ಹಿಡ್ಕೋ! ನಿನ್ನ ಸರಕು ನಿನಗೆ!" ಎಂದು ಗೋಡೆಯಾಚೆಗೆ ಎಸೆದಳು.

ಹೆಗ್ಗಣ ಮಾಂತ್ರಿಕನ ಎದೆಯ ಮೇಲೆ ಧೊಪ್ಪನೆ ಬಿತ್ತು. ಆಗಲೂ ಅದು ಏಳಲಿಲ್ಲ. ಬಾಲದ ನಕ್ಷತ್ರ ಸರಿಯಾದ ಕಡೆಗೆ ಬಂದು ನಿಂತಿತು.

ಬೆರಳು ಹಿಡಿದ ಮಾತು ಸುಳ್ಳಾಗಲಿಲ್ಲ. ಚೀಲದ ಬಾಯಿ ತಾನಾಗಿ ಬಿಚ್ಚಿಕೊಂಡು ಸೂರ್ಯ ಹೊರಕ್ಕೆ ನೆಗೆದ. ಇಷ್ಟು ದಿನ ಕದ್ದ ಶಾಖವೂ ಅವನ ಹಿಂದೆಯೇ ಹೋಯಿತು. ಮಾಗಿಮಲ್ಲ ನಿಂತ ನಿಲುವಿನಲ್ಲೇ ಮಂಜುಗಡ್ಡೆಯಾದ. ಸೂರ್ಯ ಬಾನಂಚಿನಲ್ಲೇ ಸುತ್ತು ಹಾಕಿದ, ಮುಳುಗಲಿಲ್ಲ. ರಾತ್ರಿ ಇಲ್ಲದ ಕಾರಣ ಮಾಂತ್ರಿಕನಿಗೆ ಮತ್ತೆ ಹೆಪ್ಪುಗಟ್ಟುವ ಅವಕಾಶವೇ ಸಿಗಲಿಲ್ಲ. ಹನಿಹನಿಯಾಗಿ ಕರಗಿ ಜವೆಯ ಹೊಲಗಳಿಗೆ ಹರಿದ. ಗುಹೆಯಲ್ಲಿ ದುಡಿಯುತ್ತಿದ್ದವರು ತಂತಮ್ಮ ನೆರಳು ಹುಡುಕಿ ತೊಟ್ಟುಕೊಂಡು ಮನೆಗಳಿಗೆ ಹೋದರು. ಅರಸ ತಾನೇ ಏಣಿ ಹತ್ತಿ ಕಿಟಕಿಗಳ ತೊಗಲು ಕಿತ್ತ.

ಮಂಜು ಕರಗಿತು, ಕಣಿವೆ ತೆರೆಯಿತು. ಹೊರಡುವ ದಿನ ಭರಮಜ್ಜ ಬರಿಬೆನ್ನಿನ ಹೇಸರಗತ್ತೆಗಳನ್ನು ನೋಡಿ ನಿಟ್ಟುಸಿರು ಬಿಟ್ಟ. "ಕಂಬಳಿ ಎಲ್ಲ ಹೋಯ್ತಲ್ಲವ್ವಾ. ನಮಗೇನು ಗಿಟ್ಟಿತು?"

ಕೆಂಚವ್ವ ನಡೆಯುತ್ತಲೇ ಕೂಡಿ ಹೇಳಿದಳು. ನಾಡಿಗೆ ಗಿಟ್ಟಿದ್ದು ಒಂದು ಬೇಸಿಗೆ, ಅದರ ರಾತ್ರಿಗಳ ಬಿಸಿಲೂ ಸೇರಿ. ಹೊಲಕ್ಕೆ ಜವೆ, ಕಣಜಕ್ಕೆ ಕಾಳು. ಅರಸನಿಗೆ ಬೆವರು ಸುರಿಸಿ ಬಂದ ನಿದ್ದೆ. ಅವಳ ಪಾಲಿಗೆ ಸುಂಕವಿಲ್ಲದ ಒಂದು ಕಣಿವೆ, ಒಂದು ಒಡಕು ಮಡಕೆ, ಅದರದ್ದಲ್ಲದ ಒಂದು ಮುಚ್ಚಳ, ಒಂದು ಜೊತೆಯೂ ಸರಿಹೋಗದ ಒಂದು ರಾಶಿ ಜಿಂಕೆ ಕೊಂಬು. ಮತ್ತೆ ಕಾಲ ಬುಡದಲ್ಲಿ, ತೆಂಕಣಕ್ಕೆ ನಡೆದ ಹಾಗೆಲ್ಲ ಗಿಡ್ಡಗಾಗುತ್ತಾ ಗಟ್ಟಿಯಾಗುತ್ತಾ, ಪೂರ್ತಿ ತನ್ನದೇ ಆದ ಒಂದು ನೆರಳು.