ಶುಕ್ರವಾರ ಕೆಡುವ ಪ್ರಿಂಟರ್

"ಬುದ್ಧಿ ಇದ್ಯಾ ನಿಮ್ಗೆ? ಪ್ರಿಂಟ್ ಬರ್ಲಿಲ್ಲ ಅಂದ್ರೆ ಮತ್ತೆ ಮತ್ತೆ ಅದೇ ಬಟನ್ ಒತ್ತೋದಾ?"

ಗರುಡಾಚಾರ್‌ಪಾಳ್ಯದ ಪ್ಯಾಕಿಂಗ್ ಯೂನಿಟ್ಟಿಗೆ ಕಂಪ್ಯೂಟರ್ ರಿಪೇರಿಗೆ ಬಂದ ಉಮಾಶ್ರೀ, ಲಾರಿಗೆ ಸರಕು ಕಳಿಸೋ ಡಿಸ್ಪ್ಯಾಚ್ ನೋಡ್ಕೊಳ್ಳೋ ಸಿದ್ಧಾರ್ಥನಿಗೆ ಮೊದಲ ದಿನವೇ ಮಾಡಿದ ಮಂಗಳಾರತಿ ಇದು. ಕಂಪ್ಯೂಟರಿನಲ್ಲಿ, ಬಾಕ್ಸಿಗೆ ಅಂಟಿಸೋ ಒಂದೇ ಲೇಬಲ್ ಒತ್ತಿದಷ್ಟೂ ಸಲ ಪ್ರಿಂಟಿಗೆ ಸಾಲುಗಟ್ಟಿ ನಿಂತಿತ್ತು. ಪ್ರಿಂಟರ್ ಮಾತ್ರ ಹಣೆಗೆ ಕುಂಕುಮ ಇಟ್ಕೊಂಡು ತೆಪ್ಪಗೆ ಕೂತಿತ್ತು.

"ಶುಕ್ರವಾರ ಅಲ್ವಾ ಮೇಡಂ... ಮೇನ್ ಆಫ್ ಮಾಡಿ, ಎಲ್ಲ ಒರೆಸಿ ಪೂಜೆ ಮಾಡಿದ್ವಿ."

"ಆಫ್ ಮಾಡಿ ಆನ್ ಮಾಡಿದ್ರೆ ಪ್ರಿಂಟರಿಗೆ ನೆಟ್‌ವರ್ಕ್‌ನಲ್ಲಿ ಹೊಸ ಅಡ್ರೆಸ್ ಸಿಗುತ್ತೆ ರೀ! ಕಂಪ್ಯೂಟರ್ ಇನ್ನೂ ಹಳೇ ಅಡ್ರೆಸ್‌ಗೇ ಕಳಿಸ್ತಾ ಕೂತಿದೆ. ಥೂ, ಏನ್ ಜನಾನೋ!"

ಸಾಲು ಅಳಿಸಿ, ಹೊಸ ಅಡ್ರೆಸ್ ಕೊಟ್ಟಳು. ಲೇಬಲ್ ಬಂತು. ಅವನು ನಕ್ಕ. ಇವಳ ಎದೆ ಧಸಕ್ ಅಂತು...

ಪ್ರೇಮವಂತೆ ಪ್ರೇಮ! ಕುಂಕುಮ ಮೆತ್ತಿದ ಪ್ರಿಂಟರ್ ಮುಂದೆ ಹುಟ್ಟೋಕೆ ಅದಕ್ಕಾದ್ರೂ ನಾಚಿಕೆ ಬೇಡ್ವಾ?

ಆಮೇಲೆ ಪ್ರತಿ ಶುಕ್ರವಾರ ಅದೇ ಪೂಜೆ, ಅದೇ ರಗಳೆ, ಅದೇ ಬೈಗುಳ. ಆ ದಿನ ಮಾತ್ರ ಲಿಂಗರಾಜಪುರದ ಮನೆಯಲ್ಲಿ ಅವಳು ಕನ್ನಡಿ ಬಿಟ್ಟು ಏಳುತ್ತಿರಲಿಲ್ಲ. ಬಾಯಲ್ಲಿ ಮಾತ್ರ, "ಆ ದಡ್ಡನ ಹತ್ರ ಯಾರು ಹೋಗ್ತಾರೆ!"

ಇವತ್ತು ಅವನು ನಗಲಿಲ್ಲ.

"ಸೋಮವಾರದಿಂದ ನಾನು ಇರಲ್ಲ ಮೇಡಂ. ಶುಕ್ರವಾರ ಲಾರಿ ಲೇಟಾಗೋದು ನನ್ನಿಂದಾನೇ ಅಂತ ಓನರ್ ಕೆಲಸದಿಂದ ತೆಗೀತಿದಾರೆ. ನೀವೇ ಹೇಳಿದ್ರಂತಲ್ಲ, ನನಗೆ ತಲೆ ಇಲ್ಲ ಅಂತ..."

ಹೇಳಿದ್ದು ಹೌದು. ಮಹಾರಾಣಿಗೆ ಅವನನ್ನು ಹೀಯಾಳಿಸದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲವಲ್ಲ!

'ಅಯ್ಯೋ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!'

ಉಮಾಶ್ರೀ ದಡದಡ ಓನರ್ ಮುನಿರಾಜಪ್ಪನವರ ರೂಮಿಗೆ ನುಗ್ಗಿದಳು. ಸಿದ್ಧಾರ್ಥ ಗಾಬರಿಯಿಂದ ಹಿಂದೆಯೇ ಓಡಿದ.

"ಸರ್, ತಪ್ಪು ಇವರದ್ದಲ್ಲ. ಪ್ರಿಂಟರಿನ ಅಡ್ರೆಸ್ ಬದಲಾಗದ ಹಾಗೆ ಮಾಡೋದು ಎರಡು ನಿಮಿಷದ ಕೆಲಸ. ನನಗೆ ಮೊದಲ ದಿನವೇ ಗೊತ್ತಿತ್ತು. ಬೇಕಂತ್ಲೇ ಮಾಡ್ಲಿಲ್ಲ."

"ಯಾಕಮ್ಮಾ?"

"ಮಾಡ್ಬಿಟ್ರೆ... ಶುಕ್ರವಾರ ನನ್ನನ್ನ ಯಾರು ಕರೀತಾರೆ ಸರ್?"

ಮುನಿರಾಜಪ್ಪ ಇಬ್ಬರನ್ನೂ ಅಡಿಯಿಂದ ಮುಡಿವರೆಗೆ ನೋಡಿದರು.

"ನಿಮ್ ಲವ್ವಿಗೆ ನನ್ ಲಾರಿ ಕಾಯ್ಬೇಕೇನ್ರೀ? ಹೋಗಿ, ಮೊದ್ಲು ಅದನ್ನ ಸರಿ ಮಾಡಿ! ನೀನು ಸೋಮವಾರ ಟೈಮಿಗೆ ಕೆಲಸಕ್ಕೆ ಬಾರಪ್ಪ."

ಪ್ರಿಂಟರಿಗೆ ಬದಲಾಗದ ಅಡ್ರೆಸ್ ಕೊಟ್ಟು ಸರಿ ಮಾಡಿದಳು. ಲೇಬಲ್‌ಗಳು ಸರಸರ ಬಂದವು.

"ಇನ್ಮೇಲೆ ಕೆಡಲ್ವಾ?" ಸಿದ್ಧಾರ್ಥ ಕೇಳಿದ.

"ಇಲ್ಲ."

"ಹಾಗಾದ್ರೆ... ಮುಂದಿನ ಶುಕ್ರವಾರ ಕಮ್ಮನಹಳ್ಳೀಲಿ ಕಾಫಿಗೆ ಬರ್ತೀರಾ?"

ಅವಳ ಕಣ್ಣು ತುಂಬಿ ಬಂದಿತ್ತು. ಆದರೂ ಬಾಯಿ ತನ್ನ ಬುದ್ಧಿ ಬಿಡಬೇಕಲ್ಲ!

"ಬುದ್ಧಿ ಇದ್ಯಾ ನಿಮ್ಗೆ? ಮುಂದಿನ ಶುಕ್ರವಾರದವರೆಗೂ ಯಾರು ಕಾಯ್ತಾರೆ?"