ಕೆಂಪು ಬಾರಿಗೆ ಕಟ್ಟಿದ್ದ ತಂತಿ

ಹೆಡ್ ಕಾನ್‌ಸ್ಟೆಬಲ್ ನಟರಾಜು ಅವರು ಒಮ್ಮೆ ಕೆಮ್ಮಿದರೆ ಸಾಕು, ಹುಣಸೂರಿನಿಂದ ಎಚ್.ಡಿ. ಕೋಟೆವರೆಗಿನ ಕಳ್ಳರೆಲ್ಲ ಕದ್ದ ಮಾಲನ್ನು ಇದ್ದ ಜಾಗದಲ್ಲೇ ಇಟ್ಟು, ಬೀಗ ಜಡಿದು, ಕೀಲಿಯನ್ನು ಠಾಣೆಗೆ ತಂದೊಪ್ಪಿಸುತ್ತಾರೆ. ಕಾಡಾನೆಗಳು ಅವರಿಗೆ ಸೊಂಡಿಲೆತ್ತಿ ಸೆಲ್ಯೂಟ್ ಹೊಡೆಯುತ್ತವೆ. ಇಂಥ ನಟರಾಜು ಅವರ ಠಾಣೆಗೆ ಆಯುಧಪೂಜೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಒಂದು ದೂರು ಬಂತು.

ದೂರುದಾರ ಮಹೇಶ್‌ಕುಮಾರ್. ಹಾರನಹಳ್ಳಿ ರಸ್ತೆಯಲ್ಲಿ ಮರದ ಡಿಪೋ ಇಟ್ಟವನು. ನೀಲಗಿರಿ ಕೊಂಬೆಗಳನ್ನು ಚಿಪ್ಪರ್ ಮಿಷನ್‌ಗೆ ಕೊಟ್ಟು, ಚಕ್ಕೆ ಮಾಡಿಸಿ ಬಾಯ್ಲರ್‌ಗಳಿಗೆ ಕಳಿಸುವುದು ಅವನ ವ್ಯಾಪಾರ. ಕತ್ತಿನ ಸುತ್ತ ಕೆಂಪು ಬರೆ ಎದ್ದಿತ್ತು. ಪೂಜೆಯಾದ ಮೇಲೆ ಮೊದಲ ಕೊಂಬೆಯನ್ನು ತಾನೇ ಮಿಷನ್ ಬಾಯಿಗೆ ಕೊಟ್ಟಾಗ, ಕೊರಳಿನ ಹಾರ ಕೊಂಬೆಯ ಜೊತೆ ಒಳಗೆ ಹೋಗಿ ತನ್ನನ್ನೂ ಎಳೆದುಕೊಂಡಿತು ಎಂದು ಬರೆಸಿದ.

"ಮಿಷನ್ ಕೆಡ್ಸವ್ರೆ ಮೇಡಮ್. ಮಿರ್ಲೆ ಕಡೆ ಡಿಪೋದೋರ ಕೈವಾಡ."

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಉಷಾರಾಣಿ ಸ್ಥಳಕ್ಕೆ ಹೊರಟರು. ನಟರಾಜು ಅವರು ಜೀಪಿಗಿಂತ ಮೊದಲೇ ಓಡಿ ತಲುಪಿದ್ದರು.

ಆ ಮಿಷನ್ ಆಲದ ಮರವನ್ನು ಹಕ್ಕಿಗೂಡಿನ ಸಮೇತ ನುಂಗಿ ಆಕಳಿಸುವಂಥದು. ಬಾಯೊಳಗಿನ ರೋಲರ್‌ಗಳು ಕೊಂಬೆಯನ್ನು ಎಳೆದುಕೊಳ್ಳುತ್ತವೆ, ಅದರ ಹಿಂದೆ ಬ್ಲೇಡು. ಬಾಯಿಯ ಮೇಲೆ ಅಡ್ಡಲಾಗಿ ಒಂದು ಕೆಂಪು ಬಾರ್. ಸಿಕ್ಕಿಕೊಂಡವನು ಎದೆಯಿಂದ ನೂಕಿದರೂ ರೋಲರ್ ನಿಲ್ಲಬೇಕು, ಅದಕ್ಕೇ ಅದನ್ನು ಅಲ್ಲಿಟ್ಟಿರುವುದು.

ಪಂಚರ ಮುಂದೆ ಮಹಜರು ನಡೆಯಿತು. ಚೆಂಡುಹೂವಿನ ಹಾರವನ್ನು ಬಾಳೆನಾರಿನ ಬದಲು ಮೀನು ಹಿಡಿಯುವ ನೈಲಾನ್ ದಾರದಲ್ಲಿ ಕಟ್ಟಿದ್ದರು. ಅದರ ತುದಿಯಲ್ಲೊಂದು ಮೀನುಗಾಳ. ಗಾಳ ಇನ್ನೂ ಕೊಂಬೆಯನ್ನು ಕಚ್ಚಿಕೊಂಡೇ ಇತ್ತು.

"ಹಾರ ಹಾಕಿ, ಕೊಂಬೆ ಕೈಗೆ ಕೊಟ್ಟಿದ್ದು ಯಾರು?" ಉಷಾರಾಣಿ ಕೇಳಿದರು.

"ಯಾರೋ ಹೆಂಗ್ಸು. ಕೂಲಿಯೋರ ಮುಖ ಯಾರು ನೋಡ್ತಾರೆ ಮೇಡಮ್."

"ಮಿಷನ್ ಕೆಡಿಸಿದ್ದಾರೆ ಅಂದ್ರಲ್ಲ. ಎಲ್ಲಿ?"

ಮಹೇಶ್‌ಕುಮಾರ್ ಉತ್ಸಾಹದಿಂದ ಬಗ್ಗಿ ತೋರಿಸಿದ. "ನೋಡಿ, ಈ ತಂತಿ ಕತ್ತರ್ಸವ್ರೆ. ಬಾರಿಗೆ ಬಿಗಿಯಾಗಿ ಕಟ್ಸಿದ್ದೆ."

"ಯಾಕೆ ಕಟ್ಟಿಸಿದ್ರಿ?"

"ಕೊಂಬೆ ತಗುಲ್ದಾಗೆಲ್ಲ ನಿಂತೋಯ್ತದೆ. ಲೋಡ್ ತುಂಬ್ಬೇಕಲ್ಲ."

"ಇವತ್ತು ನೀವು ಹೇಗೆ ಉಳಿದ್ರಿ?"

"ಎದೆ ಬಾರಿಗೆ ಬಡೀತು. ನಿಂತೋಯ್ತು."

"ತಂತಿ ಇದ್ದಿದ್ದರೆ?"

ಅವನು ಕತ್ತು ಮುಟ್ಟಿಕೊಂಡ.

ಕೊಂಬೆ ಜೋಡಿಸುತ್ತಿದ್ದ ನಂಜುಂಡ ಮೆಲ್ಲಗೆ ಹೇಳಿದ: "ಕೆಂಚನ್ಗೆ ನಿಲ್ನಿಲ್ಲ ಕಣಮ್ಮ."

ಹೋದ ವರ್ಷ ಇದೇ ಮಿಷನ್‌ನಲ್ಲಿ ಕೆಂಚನ ಅಂಗಿ ತೋಳು ಕೊಂಬೆಗೆ ಸಿಕ್ಕಿತ್ತು. ಅವನೂ ಎದೆ ಕೊಟ್ಟು ನೂಕಿದ. ಬಾರ್ ಅಲ್ಲಾಡಲಿಲ್ಲ. ಬಲಗೈ ಮೊಣಕೈವರೆಗೂ ಹೋಯಿತು. ಕೆಂಚ ಕುಡಿದಿದ್ದ ಎಂದು ಮಹೇಶ್‌ಕುಮಾರ್ ಹೇಳಿಕೆ ಕೊಟ್ಟ. ಠಾಣೆಯಿಂದ ಯಾರೂ ಮಿಷನ್ ಹತ್ತಿರ ಬರದೆಯೇ ಕಡತ ಮುಚ್ಚಿತ್ತು.

"ಅವ್ನು ಕಾಪಿನೂ ಕುಡಿಯಾಕಿಲ್ಲ," ಎಂದ ನಂಜುಂಡ. "ಅವ್ನ ಎಂಡ್ತಿ ಚಿಕ್ಕಮಾದಿ ಇಲ್ಲೇ ಚಕ್ಕೆ ಗುಡಿಸ್ತಿದ್ಲು. ಪೂಜೆ ಆದ್ಮೇಲೆ ಕಾಣ್ನಿಲ್ಲ."

ತಂತಿಯ ತುಂಡುಗಳನ್ನು ಜಪ್ತಿ ಮಾಡಿ ಸೀಲ್ ಹಾಕಲಾಯಿತು.

ಇನ್ನು ಬೇಟೆ. ಚಿಕ್ಕಮಾದಿಯ ಹಾಡಿ ಇರುವುದು ಎನ್. ಬೇಗೂರಿನ ಆಚೆ, ಕಾಡಂಚಿನಲ್ಲಿ. ನಟರಾಜು ಅವರು ಬೂಟು ಸಮೇತ ಕಬಿನಿ ಹಿನ್ನೀರಿಗೆ ಹಾರಿ ಈಜಿದರು. ಮೊಸಳೆಗಳು ಪಕ್ಕಕ್ಕೆ ಸರಿದವು. ದಡದಲ್ಲಿ ಹುಲಿ ಅಡ್ಡ ಬಂತು. ಅದರ ಕಿವಿ ಹಿಂಡಿ, ಕೇರಳದ ಗಡಿಯವರೆಗೂ ಅದರ ಮೇಲೇ ಸವಾರಿ ಮಾಡಿ...

"ಯಾವ ಹುಲಿ ಕಣ್ರೀ ನಟರಾಜು?"

ಬೆನ್ನ ಹಿಂದೆ ಉಷಾರಾಣಿ ಮೇಡಮ್ ನಿಂತು ಇದನ್ನೆಲ್ಲ ಓದುತ್ತಿದ್ದಾರೆ.

ಸರಿ, ಸಿಕ್ಕಿಬಿದ್ದೆ. ಆ ನಟರಾಜು ನಾನೇ. ಹುಲಿ ಇರಲಿಲ್ಲ. ನನಗೆ ಈಜೂ ಬರುವುದಿಲ್ಲ, ಡಿಪೋಗೆ ಹೋದದ್ದೂ ಜೀಪಿನಲ್ಲೇ, ಹಾಡಿಗೆ ಹೋಗಲೇ ಇಲ್ಲ. ನಾವು ಮಹಜರು ಮುಗಿಸಿ ಬರುವಷ್ಟರಲ್ಲಿ ಚಿಕ್ಕಮಾದಿ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಕಟಿಂಗ್ ಪ್ಲೇಯರ್.

"ಮಿಷನ್ ನೋಡುದ್ರಾ ಅಮ್ಮಾವ್ರೆ?"

"ನೋಡಿದ್ವಿ."

"ತಂತಿ?"

"ಸೀಲ್ ಮಾಡಿದ್ದೀವಿ."

ಆಗ ಅವಳು ಪ್ಲೇಯರನ್ನು ಮೇಜಿನ ಮೇಲಿಟ್ಟಳು.

"ಅವನನ್ನ ಸಾಯಿಸಬೇಕು ಅಂತಿದ್ಯಾ?" ಮೇಡಮ್ ಕೇಳಿದರು.

"ಇದ್ದೆ. ಹಾರ ಕಟ್ಟೋಗಂಟ ಅಂಗೇ ಇದ್ದೆ. ಬೆಳಿಗ್ಗೆ ಕೆಂಚನ ಅಂಗಿಗೆ ಗುಂಡಿ ಆಕ್ತಾ ಇದ್ದಾಗ ಅನ್ನುಸ್ತು, ಸತ್ರೆ ಇವನ್ಗೆ ಒಂದೇ ಗಳಿಗೆ. ಎದೆ ಬಾರಿಗೆ ಬಡಿದ್ರೆ ಎಂಗಿರ್ತದೆ ಅಂತ ಅವ್ನು ದಿನಾ ನೆನೀಬೇಕು. ಅದ್ಕೇ ತಂತಿ ಕತ್ತರ್ಸ್‌ದೆ."

ಪ್ಲೇಯರನ್ನು ಮೇಡಮ್ ಕಡೆಗೆ ಸರಿಸಿ ಹೇಳಿದಳು: "ಕೆಂಚನ ಕೇಸಿಗೆ ಸಯಿನ್ ಆಕಕ್ಕೂ ಅವನ್ಗೆ ಕೈ ಇರ್ಬೇಕಲ್ಲ."

ಸೂರ್ಯ ಮುಳುಗುವ ಮೊದಲೇ ಅವಳನ್ನು ಬಂಧಿಸಿದೆವು. ಮೇಲಿನವರ ಅನುಮತಿ ಪಡೆದು ಕೆಂಚನ ಕಡತ ಮತ್ತೆ ತೆರೆದ ಮೇಲೆ ಮಹೇಶ್‌ಕುಮಾರನ ಬಂಧನವೂ ಆಯಿತು. ಬಂಧನದ ಕಾಗದಕ್ಕೆ ಬಲಗೈಯಲ್ಲೇ ಸಹಿ ಹಾಕಿದ.

ಚಿಕ್ಕಮಾದಿಯನ್ನು ನಾನು ಹಿಡಿದೆ ಎಂದು ಬರೆದರೆ ಅದೂ ಸುಳ್ಳು. ಬೆಂಚಿನಿಂದ ಅವಳೇ ಎದ್ದು ಮುಂದೆ ನಡೆದಳು. ನಾನು ಹಿಂದೆ ಹೋದೆ.